ಸಿಟ್ಟಿಗೆ ಪೂರ್ವಾನುಮತಿ ಹಾಗೂ ಹಸನ್‌ನ ಬೂಟುಗಳ ಬಿಡುಗಡೆ ಕುರಿತು

ಯುವಜನ ಭಾವನಾ ಪಾಲನಾ ಶಾಖೆ, ದಂಡು ಪೂರ್ವ ವಲಯ
(ಮೊದಲ ಮಹಡಿ. ಲಿಫ್ಟ್ ಕೆಟ್ಟಿದೆ. ಆ ಬಗ್ಗೆ ಬೇಸರವಿರುವವರು ಅದನ್ನು ನೆಲಮಹಡಿಯಲ್ಲೇ ಮುಗಿಸಿಕೊಂಡು ಮೇಲೆ ಬರುವುದು.)

ಸಂಖ್ಯೆ: ಯುಭಾಪಾ/ದಂಪೂ/ಸಿಟ್ಟು/ತಿದ್ದುಪಡಿ-೪
ಶುಕ್ರವಾರ, ಸಂಜೆ

ಸುತ್ತೋಲೆ

ವಿಷಯ: ವಲಯದ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳು ಸಿಟ್ಟು, ಅಳು, ಮುನಿಸು ಇತ್ಯಾದಿಗಳನ್ನು ಕ್ರಮಬದ್ಧವಾಗಿ ಅನುಭವಿಸುವ ಬಗ್ಗೆ, ಹಾಗೂ ದ್ವಿತೀಯ ಪಿಯು ವಿದ್ಯಾರ್ಥಿ ಹಸನ್‌ನ ಫುಟ್‌ಬಾಲ್ ಬೂಟುಗಳನ್ನು ಶನಿವಾರದ ಪಂದ್ಯಕ್ಕೆ ಬಿಡುವ ಅಥವಾ ಬಿಡದಿರುವ ಬಗ್ಗೆ.

ಉಲ್ಲೇಖ:
(೧) ಈ ಶಾಖೆಯ ಹಿಂದಿನ ಸುತ್ತೋಲೆ, ‘ಸಿಟ್ಟನ್ನು ಹತೋಟಿಯಲ್ಲಿಡಿ’.
(೨) ಸದರಿ ಸುತ್ತೋಲೆಯನ್ನು ಹಾಕಿದ್ದ ಸೂಚನಾ ಫಲಕದ ಗಾಜು (ಚೂರುಗಳನ್ನು ಲಗತ್ತಿಸಿದೆ, ಬೆರಳು ಜೋಪಾನ).
(೩) ವಿದ್ಯಾರ್ಥಿಯ ತಾಯಿ ಶ್ರೀಮತಿ ಫಹ್ಮಿದಾ ಅವರು ಕಚೇರಿಯ ಮೆಟ್ಟಿಲ ಮೇಲೆ ನಿಂತು ಆಡಿದ ಮಾತುಗಳು.

ಪ್ರಸ್ತಾವನೆ:

ಕಳೆದ ಸೋಮವಾರ ಸಂಜೆ ಅಭ್ಯಾಸದ ಹೊತ್ತಿನಲ್ಲಿ, ಕಾಲೇಜು ತಂಡದ ಮುಂಚೂಣಿ ಆಟಗಾರ ಹಸನ್ ಗೋಲಿನ ಕಡೆಗೆ ಒದೆಯಬೇಕಾದ ಚೆಂಡನ್ನು ತದ್ವಿರುದ್ಧ ದಿಕ್ಕಿನಲ್ಲಿದ್ದ ಸೂಚನಾ ಫಲಕಕ್ಕೆ ಒದ್ದಿರುತ್ತಾನೆ. ಚೆಂಡು ಉಲ್ಲೇಖ (೧)ರ ‘ಹತೋಟಿ’ ಎಂಬ ಪದಕ್ಕೇ ನೇರವಾಗಿ ಬಡಿದಿರುತ್ತದೆ. ಈ ವರ್ಷ ಹುಡುಗ ಇಷ್ಟು ಗುರಿಯಿಟ್ಟು ಒದ್ದದ್ದು ಇದೇ ಮೊದಲೆಂದು ದೈಹಿಕ ಶಿಕ್ಷಕರು ಹೇಳಿದ್ದನ್ನು ಕಡತದಿಂದ ತೆಗೆದುಹಾಕಲಾಗಿದೆ.

ಶಾಖೆಯ ಅಧೀಕ್ಷಕರಾದ ಶ್ರೀ ಚಿಕ್ಕವೆಂಕಟಪ್ಪನವರು ತಕ್ಷಣ ಸ್ಥಳಕ್ಕೆ ಧಾವಿಸಿ, ಸಿಟ್ಟು ಮಾಡಿಕೊಳ್ಳಬಾರದೆಂಬ ವಿಷಯವನ್ನು ರಸ್ತೆಯಾಚೆಯ ಬಸ್ ನಿಲ್ದಾಣದವರಿಗೂ ಕೇಳಿಸುವಂತೆ ತಿಳಿಹೇಳಿ, ಹುಡುಗನ ಬೂಟುಗಳನ್ನು ಕಾಲಿಂದ ಬಿಚ್ಚಿಸಿ, ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಸಿಟ್ಟು ಪೂರ್ತಿ ಇಳಿದಿದೆ ಎಂದು ರುಜುವಾತಾಗುವ ತನಕ ಬೂಟು ಕೊಡಲಾಗದೆಂದು ಆದೇಶಿಸಲಾಯಿತು. ಶನಿವಾರ ಹಲಸೂರಿನ ಮೈದಾನದಲ್ಲಿ ಅಂತರ ಕಾಲೇಜು ಫೈನಲ್ ಇದೆ. ಬೂಟಿಲ್ಲದವನನ್ನು ರೆಫರಿ ಒಳಗೆ ಬಿಡುವುದಿಲ್ಲ. ಹುಡುಗನಿಗೆ ಬೇರೆ ಜೊತೆ ಇಲ್ಲ.

ಈ ಹಿನ್ನೆಲೆಯಲ್ಲಿ ಕೆಳಕಂಡ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವಂತೆ ಈ ಮೂಲಕ ಸೂಚಿಸಲಾಗಿದೆ.

೧. ಸಿಟ್ಟು ಬರುವುದಿದ್ದಲ್ಲಿ ಹಿಂದಿನ ದಿನವೇ ಅರ್ಜಿ ಸಲ್ಲಿಸತಕ್ಕದ್ದು. ತುರ್ತು ಸಿಟ್ಟುಗಳನ್ನು ಊಟದ ವಿರಾಮದ ನಂತರ ಪರಿಶೀಲಿಸಲಾಗುವುದು. ಅರ್ಜಿ ಬರೆಯಲು ಕೂತ ಅನೇಕರ ಸಿಟ್ಟು ಅರ್ಜಿ ಮುಗಿಯುವುದರೊಳಗೆ ಇಳಿದುಹೋಗಿರುವುದು ಗಮನಕ್ಕೆ ಬಂದಿದೆ. ಅಂಥವರು ಸಿಟ್ಟನ್ನು ಮರಳಿ ತಂದುಕೊಂಡು, ಅರ್ಜಿ ಪೂರ್ಣಗೊಳಿಸಿ, ಮಂಜೂರಾತಿ ಪಡೆದು, ಆನಂತರವೇ ಇಳಿಸಿಕೊಳ್ಳುವುದು.

೨. ಕಣ್ಣೀರು ರೆಪ್ಪೆಯ ಒಳಗಿರುವವರೆಗೆ ವಿದ್ಯಾರ್ಥಿಯ ಸ್ವಂತ ಜವಾಬ್ದಾರಿ. ಕೆನ್ನೆಗೆ ಇಳಿದರೆ ಕಾಲೇಜಿನ ವ್ಯಾಪ್ತಿಗೆ ಬರುತ್ತದೆ. ಗೇಟಿನಾಚೆ ನೆಲಕ್ಕೆ ಬಿದ್ದಲ್ಲಿ ಚರಂಡಿಯವರಿಗೆ ಪತ್ರ ಬರೆಯಲಾಗುವುದು.

೩. ಮುನಿಸಿಕೊಂಡು ಮಾತು ಬಿಟ್ಟಿರುವ ಇಬ್ಬರೂ ಒಟ್ಟಿಗೆ ಕೂತು, ಪರಸ್ಪರ ಚರ್ಚಿಸಿ, ತಾವು ಮಾತಾಡುತ್ತಿಲ್ಲ ಎಂಬುದಕ್ಕೆ ಜಂಟಿ ಹೇಳಿಕೆ ಬರೆದುಕೊಡತಕ್ಕದ್ದು.

೪. ಪ್ರೀತಿಯನ್ನು ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ತಡೆಹಿಡಿಯಲಾಗಿದೆ. ಈಗಾಗಲೇ ಆರಂಭವಾಗಿರುವವುಗಳನ್ನು ಯಾವ ಹಂತದಲ್ಲಿವೆಯೋ ಅದೇ ಹಂತದಲ್ಲಿ ನಿಲ್ಲಿಸಿ, ಲಿಂಗರಾಜಪುರದ ಮೇಲ್ಸೇತುವೆಯ ಕೆಳಗೆ ನಿಂತಿರುವವರು ತರಗತಿಗೆ ಹಿಂತಿರುಗುವುದು.

೫. ಗುತ್ತಿಗೆ ಆಧಾರದ ಆಪ್ತ ಸಲಹೆಗಾರ್ತಿ ಕುಮಾರಿ ಭವ್ಯ ಅವರು ಮೇಜಿನ ಮೇಲೆ ಹರಡುವ ಮುಖಚಿತ್ರದ ಕಾರ್ಡುಗಳಲ್ಲಿ (ನಗುವ ಮುಖ, ಅಳುವ ಮುಖ, ಹಲ್ಲು ಕಡಿಯುವ ಮುಖ ಇತ್ಯಾದಿ) ವಿದ್ಯಾರ್ಥಿಗಳು ತಮ್ಮದನ್ನು ಗುರುತಿಸತಕ್ಕದ್ದು. ಹಸನ್ ಎಲ್ಲವನ್ನೂ ತಿರುವಿ ಹಾಕಿ, “ಇದ್ರಲ್ಲಿ ಯಾವ್ದೂ ನಂದಲ್ಲ ಮೇಡಂ” ಎಂದಿರುತ್ತಾನೆ. ಕಾರ್ಡು ಸರಬರಾಜಾಗದ ಭಾವನೆಗಳನ್ನು ಯಾರೂ ಅನುಭವಿಸುವಂತಿಲ್ಲ ಎಂದು ಸ್ಪಷ್ಟಪಡಿಸಲಾಗಿದೆ.

೬. ಸಿಟ್ಟು ಇಳಿದಿರುವುದನ್ನು ಪ್ರತಿದಿನ ಬೆಳಿಗ್ಗೆ ಅಧೀಕ್ಷಕರ ಮುಂದೆ ನಿಂತು ತೋರಿಸತಕ್ಕದ್ದು. ಮಂಗಳವಾರ ಅಧೀಕ್ಷಕರು “ಇಳೀತೇನಯ್ಯಾ?” ಎಂದು ವಿಚಾರಿಸಲಾಗಿ, ಹಸನ್ “ಇಳೀತು ಸರ್” ಎಂದನು. ಅಷ್ಟು ಬೇಗ ಇಳಿದದ್ದು ಅನುಮಾನಕ್ಕೆ ಎಡೆಮಾಡಿದ್ದರಿಂದ ಮುಂದೂಡಲಾಯಿತು. ಬುಧವಾರ ಮತ್ತೆ ಮತ್ತೆ ವಿಚಾರಿಸಲಾಗಿ “ಇಳೀತು ಅಂದ್ನಲ್ಲ ಸರ್” ಎಂದನು. ಧ್ವನಿಯಲ್ಲಿ ಸಿಟ್ಟು ಕಂಡುಬಂದದ್ದರಿಂದ ಪುನಃ ಮುಂದೂಡಲಾಯಿತು. ಗುರುವಾರ ಏನೂ ಹೇಳದೆ ಬೀರುವಿನ ಕಡೆಗೇ ನೋಡುತ್ತ ನಿಂತನು. ಇದನ್ನು ‘ಒಳಗಿಟ್ಟುಕೊಂಡ ಸಿಟ್ಟು’ ಎಂದು ವರ್ಗೀಕರಿಸಲಾಯಿತು.

೭. ಮೇಲಿನ ನಿಯಮಗಳು ಸಿಬ್ಬಂದಿಗೂ ಅನ್ವಯಿಸುತ್ತವೆ. ಅಧೀಕ್ಷಕರು ಹಾಗೂ ಅವರಿಗಿಂತ ಮೇಲ್ಪಟ್ಟವರಿಗೆ ವಿನಾಯಿತಿ ಇದೆ. ಅವರದು ಸಿಟ್ಟಲ್ಲ, ಆಡಳಿತ. ಗುರುವಾರದ ವಿಚಾರಣೆಯಲ್ಲಿ ಪೇಪರ್‌ವೇಟ್ ಗೋಡೆಗೆ ತಗುಲಿದ್ದು ಆಡಳಿತಾತ್ಮಕ ಕಾರಣಗಳಿಂದ. ಅಧೀಕ್ಷಕರು ಓದಿದ ಹಳ್ಳಿ ಶಾಲೆಯಲ್ಲಿ ಮಕ್ಕಳ ಭಾವನೆಗಳನ್ನು ಯಾರೂ ಕೇಳುತ್ತಿರಲಿಲ್ಲವೆಂದೂ, ಆದರೂ ತಾವು ಈ ದಿನ ಎಷ್ಟು ಸಮಾಧಾನದ ಮನುಷ್ಯರಾಗಿದ್ದೇವೆಂದೂ ಅವರು ಅದೇ ವೇಳೆ ಮೇಜು ಗುದ್ದಿ ತಿಳಿಸಿರುತ್ತಾರೆ.

೮. ಉಲ್ಲೇಖ (೩)ರಂತೆ ಶ್ರೀಮತಿ ಫಹ್ಮಿದಾ ಅವರ ಹೇಳಿಕೆ: “ಸಾಬ್, ದಾಲ್ಚಾ ಮಾಡಿದ್ರೂ ತಿಂತಿಲ್ಲ, ಗೋಡೆ ಕಡೆ ಮುಖ ಮಾಡ್ಕೊಂಡು ಮಲಗ್ತಾನೆ. ಬೂಟ್ ಆದ್ರೂ ಕೊಡ್ರಿ, ಇಲ್ಲಾಂದ್ರೆ ಅವನನ್ನೂ ಬೀರುನಲ್ಲೇ ಇಟ್ಕೊಳ್ರಿ.” ಬೀರುವಿನಲ್ಲಿ ಸ್ಥಳಾಭಾವವಿರುವುದರಿಂದ ಎರಡನೆಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

೯. ಈ ದಿನ ಬೆಳಿಗ್ಗೆ ಹಸನ್ ಎಂದಿನಂತೆ ನಿಂತಿರುವಾಗ, ತಂಡದ ಗೋಲ್‌ಕೀಪರ್ ಪ್ರವೀಣ ಪೂರ್ವಾನುಮತಿಯಿಲ್ಲದೆ ಒಳಗೆ ಬಂದು ಹೀಗೆ ಹೇಳಿರುತ್ತಾನೆ: “ಸರ್, ತಪ್ಪು ನಂದು. ಅಪ್ಪಂಗೆ ಬಳ್ಳಾರಿಗೆ ಟ್ರಾನ್ಸ್‌ಫರ್ ಆಗಿದೆ. ಭಾನುವಾರ ಹೊರಡ್ತೀವಿ, ನಾಳೆದೇ ನಂದು ಕೊನೇ ಮ್ಯಾಚು. ಎಲ್ಲರಿಗೂ ಹೇಳ್ದೆ, ಇವನಿಗೆ ಹೇಳೋಕೆ ಮಾತ್ರ ಬಾಯಿ ಬರ್ಲಿಲ್ಲ. ಸೋಮವಾರ ಪ್ರಾಕ್ಟೀಸಲ್ಲಿ ಬೇರೆ ಯಾರೋ ಹೇಳ್ಬಿಟ್ರು.” ಇದಕ್ಕೆ ಹಸನ್, ಧ್ವನಿ ಏರಿಸದೆ: “ಮಗಾ, ಕಮ್ಮನಹಳ್ಳಿ ಪಾನಿಪುರಿಯವನಿಗೂ ಗೊತ್ತಿತ್ತು. ನಂಗೆ ಗೊತ್ತಿರ್ಲಿಲ್ಲ.”

ಸಲಹೆಗಾರ್ತಿಯವರು ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿ, ಒದೆಯುವಾಗ ಒಳಗೆ ಏನಾಗುತ್ತಿತ್ತೆಂದು ಕೇಳಲಾಗಿ, ಹಸನ್‌ನ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಿದೆ: “ಸಿಟ್ಟು ಅಂತ್ಲೇ ಅಂದ್ಕೊಂಡಿದ್ದೆ ಮೇಡಂ. ಸಿಟ್ಟಾಗಿದ್ರೆ ಒದ್ದ ಮೇಲೆ ಹೋಗ್ಬೇಕಿತ್ತಲ್ವಾ? ಹೋಗ್ಲಿಲ್ಲ. ಇನ್ಮೇಲೆ ಹಿಂದೆ ತಿರುಗಿ ನೋಡಿದ್ರೆ ಗೋಲಲ್ಲಿ ಬೇರೆ ಯಾರೋ ನಿಂತಿರ್ತಾರೆ. ಅದು ನೆನಪಾದ್ರೆ ಇಲ್ಲಿ ಒತ್ತುತ್ತೆ.” ‘ಇಲ್ಲಿ’ ಎಂದಾಗ ಎದೆಯನ್ನು ತೋರಿಸಿರುತ್ತಾನೆ.

ಆನಂತರ ಅಧೀಕ್ಷಕರ ಕೈಯಲ್ಲಿದ್ದ ಪೇಪರ್‌ವೇಟನ್ನು ಮೇಜಿನ ಮೇಲೆ, ನಿಧಾನವಾಗಿ, ಇಡಲಾಯಿತು.

೧೦. ಮೇಲಿನ ಹೇಳಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ವಿದ್ಯಾರ್ಥಿಗೆ ಸೋಮವಾರ ಬಂದದ್ದು ಸಿಟ್ಟಲ್ಲ, ದುಃಖವೆಂದು ಕಂಡುಬಂದಿದೆ. ಅದು ಸಿಟ್ಟಿನ ಅಂಗಿ ತೊಟ್ಟು ಬಂದಿದ್ದರಿಂದ ವಿದ್ಯಾರ್ಥಿಯೂ ಇಲಾಖೆಯೂ ಏಕಕಾಲದಲ್ಲಿ ಮೋಸಹೋಗಿರುತ್ತವೆ. ದುಃಖವು ಸಿಟ್ಟಿನ ವಿಷಯ ನಿರ್ವಾಹಕರ ವ್ಯಾಪ್ತಿಗೆ ಬರುವುದಿಲ್ಲ. ದುಃಖದ ವಿಷಯ ನಿರ್ವಾಹಕರ ಹುದ್ದೆ ಈ ಶಾಖೆ ಆರಂಭವಾದ ದಿನದಿಂದ ಖಾಲಿ ಇದ್ದು, ಪ್ರಭಾರ ವಹಿಸಿಕೊಳ್ಳಲು ಯಾರೂ ಒಪ್ಪಿರುವುದಿಲ್ಲ. ಖಾಲಿ ಹುದ್ದೆಯು ಯಾರ ಬೂಟನ್ನೂ ಜಪ್ತಿ ಮಾಡಲಾರದು. ಆದ್ದರಿಂದ ಜಪ್ತಿಯೇ ಅಸಿಂಧುವಾಗಿದ್ದು, ಬೂಟುಗಳನ್ನು ಈ ಕೂಡಲೇ ಬಿಡುಗಡೆ ಮಾಡಲು ಆದೇಶಿಸಿದೆ. ಇದು ಕೇವಲ ತಾಂತ್ರಿಕ ಕಾರಣ. ಕನಿಕರವೆಂದು ಯಾರೂ ತಪ್ಪು ತಿಳಿಯತಕ್ಕದ್ದಲ್ಲ.

೧೧. ಬೀರುವಿನ ಬೀಗದ ಕೈಯನ್ನು ಟೈಪಿಸ್ಟರು ದೊಡ್ಡನೆಕ್ಕುಂದಿಯ ತಮ್ಮ ಮನೆಗೆ ಒಯ್ದು, ರಜೆಯಲ್ಲಿದ್ದರು. ಆದ ಕಾರಣ ಬೀರುವಿಗೆ ಒದೆಯಲಾಯಿತು. ಯಾರು ಒದ್ದರೆಂಬುದು ಅಪ್ರಸ್ತುತ. ಅಧೀಕ್ಷಕರು ಈಗ ಕುಂಟುತ್ತಿರುವುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬಾರದು. “ಸರ್, ಹೆಬ್ಬೆರಳಲ್ಲಿ ಒದೀಬಾರ್ದು, ಪಾದದ ಮೇಲ್ಭಾಗದಲ್ಲಿ ಒದೀಬೇಕು” ಎಂದು ಹಸನ್ ನೀಡಿದ ಸಲಹೆಯನ್ನು ಗಮನಿಸಿ, ಅದರಂತೆ ಕ್ರಮ ಕೈಗೊಳ್ಳಲಾಗಿ, ಬೀರು ತೆರೆದಿರುತ್ತದೆ. ಈ ಸಂದರ್ಭದಲ್ಲಿ ಇಬ್ಬರು ವಿದ್ಯಾರ್ಥಿಗಳೂ ಒಟ್ಟಿಗೆ ನಕ್ಕಿದ್ದು, ಅದಕ್ಕೆ ಘಟನೋತ್ತರ ಮಂಜೂರಾತಿ ನೀಡಲಾಗಿದೆ.

೧೨. ಶನಿವಾರದ ಪಂದ್ಯ ಮುಗಿದ ಮೇಲೆ, ಗೆದ್ದರೂ ಸೋತರೂ, ಸದರಿ ಇಬ್ಬರೂ ಅಳುವುದಿದ್ದಲ್ಲಿ ನಿಯಮ ೨ ಅನ್ವಯಿಸುವುದಿಲ್ಲ. ಅಧೀಕ್ಷಕರು ಆ ಹೊತ್ತಿಗೆ ಖಾಸಗಿ ಕೆಲಸದ ಮೇಲೆ ಹಲಸೂರಿನ ಕಡೆ ಬಂದಿರುತ್ತಾರೆ. ಅವರ ಕಣ್ಣಿಗೆ ಮೈದಾನದ ಧೂಳು ಬೀಳುವ ಸಂಭವವಿದ್ದು, ಅದನ್ನು ಧೂಳೆಂದೇ ಪರಿಗಣಿಸತಕ್ಕದ್ದು.

(ಸಹಿ/-)
ಚಿಕ್ಕವೆಂಕಟಪ್ಪ
ಅಧೀಕ್ಷಕರು (ಸಿಟ್ಟು)

ಪ್ರತಿಗಳು:
೧. ಪ್ರಾಂಶುಪಾಲರಿಗೆ, ಮಾಹಿತಿಗಾಗಿ. ಓದಿ ಸಿಟ್ಟಾಗುವುದಿದ್ದಲ್ಲಿ ನಿಯಮ ೧ ನೋಡುವುದು.
೨. ಕುಮಾರಿ ಭವ್ಯ, ಆಪ್ತ ಸಲಹೆಗಾರ್ತಿ ಇವರಿಗೆ. ಏನೂ ಬರೆಯದ ಖಾಲಿ ಮುಖದ ಕಾರ್ಡೊಂದನ್ನು ಮಾಡಿಸುವ ಕೋರಿಕೆಯೊಂದಿಗೆ.
೩. ಶ್ರೀಮತಿ ಫಹ್ಮಿದಾ ಇವರಿಗೆ. ಹುಡುಗ ಊಟ ಮಾಡಿದನೆ ಎಂಬುದನ್ನು ತಿಳಿಸುವುದು. ಮೆಟ್ಟಿಲ ಮೇಲಿಂದ ತಿಳಿಸಿದರೂ ಸಾಕು, ಕೇಳಿಸುತ್ತದೆ.
೪. ಸೂಚನಾ ಫಲಕಕ್ಕೆ. ಗಾಜಿಲ್ಲದಿರುವುದರಿಂದ ಮಳೆ ಬಂದಲ್ಲಿ ಒಳಗೆ ತರುವುದು.
೫. ದುಃಖದ ವಿಷಯ ನಿರ್ವಾಹಕರಿಗೆ (ಹುದ್ದೆ ಖಾಲಿ).
೬. ಹಸನ್‌ಗೆ, ಬೂಟುಗಳ ಸಮೇತ. ಎಡಗಾಲಿನ ಹರಿದ ಲೇಸ್ ತೆಗೆದು ಹೊಸದನ್ನು ಹಾಕಲಾಗಿದೆ. ಯಾರು ಹಾಕಿದರೆಂದು ವಿಚಾರಿಸತಕ್ಕದ್ದಲ್ಲ.
೭. ಪ್ರವೀಣನಿಗೆ. ಬಳ್ಳಾರಿಯ ವಿಳಾಸವನ್ನು ಮೊದಲು ಹಸನ್‌ಗೆ ತಿಳಿಸಿ, ಆಮೇಲಷ್ಟೇ ಉಳಿದ ಊರಿಗೆಲ್ಲ ತಿಳಿಸತಕ್ಕದ್ದು.