ಮೂಗು ಹಿಡಿದು ಹೇಳಿದ ಮಾತು

ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎಂಬ ಗಾದೆ ಓಡೆಲ್ ಪ್ರುವಿಟ್‌ನ ಕಿವಿಗೆ ಬಿದ್ದಿರಲಿಲ್ಲ. ಆದರೂ ಆ ಸೋಮವಾರ ಬೆಳಗ್ಗೆ, ಅಲಬಾಮಾದ ಮಾರ್ಲೋ ಊರಿನಲ್ಲಿ ತಾನು ಕೆಲಸ ಮಾಡುವ ಕೋಳಿಮಾಂಸದ ಕಾರ್ಖಾನೆಯ ಹೊರಗೆ, ತನ್ನ ಹಳೇ ಟ್ರಕ್ಕಿನಲ್ಲಿ ಕೂತು, ಎರಡು ಬೆರಳಲ್ಲಿ ಮೂಗು ಅದುಮಿಕೊಂಡು ರೇಡಿಯೋದ ಫುಟ್ಬಾಲ್ ಕಾರ್ಯಕ್ರಮಕ್ಕೆ ಫೋನು ಮಾಡಿದ. ಅಲ್ಲಿಯ ಫುಟ್ಬಾಲೆಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಎಸೆದು ಆಡುವ ಆಟ.

"ಯಾರಪ್ಪ ಮಾತಾಡ್ತಿರೋದು?" ಎಂದ ರೇಡಿಯೋದವನು.

"ಬಡ್ ಅಂತ. ಈ ಊರವನಲ್ಲ."

"ಹೇಳು ಬಡ್, ನಮ್ಮ ಟಾಲಿವರ್ ಕಾಲೇಜಿನ ಹುಡುಗ್ರು ಈ ಸಲ ಚಾಂಪಿಯನ್‌ಷಿಪ್ ಹೊಡೀತಾರೋ ಇಲ್ವೋ?"

"ಟ್ರೇಸ್ ಹಾಲೊಮನ್‌ನ ಆಟದಿಂದ ಹೊರಗೆ ಕೂರಿಸಿದ್ರೆ ಹೊಡೀತಾರೆ."

"ನಮ್ಮ ಕ್ವಾರ್ಟರ್‌ಬ್ಯಾಕನ್ನೇ? ತಂಡದ ಚೆಂಡೆಲ್ಲ ಎಸೆಯೋನನ್ನೇ?"

"ಆ ಹುಡುಗನ ಭುಜ ನೋಯ್ತಾ ಇದೆ ಸ್ವಾಮಿ. ಪ್ರತಿ ಸಲ ಚೆಂಡು ಎಸೆದ್ಮೇಲೆ ಯಾರಿಗೂ ಕಾಣದ ಹಾಗೆ ಕೈ ಒದರ್ತಾನೆ. ದೂರಕ್ಕೆ ಎಸೆಯೋದನ್ನೇ ಬಿಟ್ಟಿದ್ದಾನೆ. ಎರಡು ವಾರ ಅವನಿಗೆ ರಜಾ ಕೊಡಿ. ಅವನ ಜಾಗದಲ್ಲಿ ಡೇರಿಯಸ್ ಪೂಲ್ ಅನ್ನೋ ಹುಡುಗ ಆಡ್ಲಿ."

ಇಷ್ಟು ಹೇಳಿ ಓಡೆಲ್ ಫೋನಿಟ್ಟ. ಮೂಗು ಬಿಟ್ಟ. ಹಾಯೆನಿಸಿತು.

ಮಾರ್ಲೋದಲ್ಲಿ ದೇವರ ಬಗ್ಗೆ ಅನುಮಾನ ಪಡಬಹುದಿತ್ತು. ಪಾಸ್ಟರು ಕೂರಿಸಿಕೊಂಡು, ತಣ್ಣನೆಯ ಸಿಹಿ ಚಹಾ ಕೊಟ್ಟು ಸಮಾಧಾನ ಹೇಳುತ್ತಿದ್ದರು. ಒಂದೂ ಪಂದ್ಯ ಸೋಲದ ತಂಡದ ಕ್ವಾರ್ಟರ್‌ಬ್ಯಾಕ್ ಬಗ್ಗೆ ಅನುಮಾನ ಪಟ್ಟರೆ ಮಾತ್ರ ಕಲ್ಲು ಹುಡುಕುವವರಲ್ಲಿ ಪಾಸ್ಟರೇ ಮೊದಲಿಗರು. ಅದಕ್ಕೇ ಓಡೆಲ್ ಮೂಗು ಹಿಡಿದದ್ದು. ಅಲ್ಲದೆ ಆ ದಿನ ಅವನ ಪಾಲಿಗೆ ಸಾಮಾನ್ಯದ ದಿನವಲ್ಲ. ಮೂಳೆ ಬಿಡಿಸುವ ಸಾಲಿಗೆ ಹೊಸ ಮೇಸ್ತ್ರಿಯನ್ನು ಮ್ಯಾನೇಜರ್ ಗ್ರೇಡಿ ಸಂಜೆಯೊಳಗೆ ನೇಮಿಸುವವನಿದ್ದ. ಸರದಿ ಓಡೆಲ್‌ನದು. ವರ್ಷಗಟ್ಟಲೆ ಕತ್ತರಿ ಹಿಡಿದು ಕೋಳಿಯ ಎದೆ ಸೀಳಿ ಸೀಳಿ ಅವನ ಬಲ ಮಣಿಕಟ್ಟು ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ರಾತ್ರಿ ನಿದ್ದೆ ಕೊಡುತ್ತಿರಲಿಲ್ಲ. ಮೇಸ್ತ್ರಿಗೆ ಕೈಯಲ್ಲಿ ಹಿಡಿಯಬೇಕಾದ್ದು ಪೆನ್ನು ಮಾತ್ರ. ಟ್ರೇಸ್ ಕೈ ಒದರುವುದು ಇಡೀ ಊರಿನಲ್ಲಿ ಓಡೆಲ್ ಒಬ್ಬನ ಕಣ್ಣಿಗೇ ಬಿದ್ದದ್ದು ಈ ಕೈನೋವಿನಿಂದಲೇ. ಸಾಲಿನಲ್ಲಿ ನಿಂತು ತಾನೂ ಹಾಗೇ ಒದರುತ್ತಿದ್ದ, ಯಾರಿಗೂ ಕಾಣದ ಹಾಗೆ. ಕಂಡರೆ ಕೆಲಸ ಹೋಗುತ್ತಿತ್ತು.

ಒಳಗೆ ಹೋದಾಗ ಕಾರ್ಖಾನೆ ಜೇನುಗೂಡಿಗೆ ಕಲ್ಲು ಬಿದ್ದಂತಾಗಿತ್ತು.

"ಯಾವನವನು ಬಡ್ ಅನ್ನೋನು?" ತೂಕದ ಯಂತ್ರದ ಹತ್ತಿರ ನಿಲ್ಲುವ ಅರ್ಲೀನ್ ಕೈಗವಸು ಹಾಕಿಕೊಳ್ಳುತ್ತ ಕೂಗಾಡುತ್ತಿದ್ದಳು. "ಬಿಸ್ಕತ್ತು ಗಂಟಲಲ್ಲೇ ಸಿಕ್ಕಾಕ್ಕೊಂಡ್ತು ನಂಗೆ! ಚಿನ್ನದಂಥ ಹುಡುಗ! ಅವನನ್ನ ಕೂರಿಸ್ಬೇಕಂತೆ!"

"ಎದುರು ತಂಡದ ಕಡೆಯವನೇ ಇರ್ಬೇಕು, ಮಿಸ್ ಅರ್ಲೀನ್," ಎಂದ ಓಡೆಲ್, ನೆಲ ನೋಡುತ್ತ.

"ಅಲ್ಲ ಕಣೋ. ನಮ್ಮೂರ ರಾಗನೇ ಅದು. ಮೂಗಲ್ಲಿ ಮಾತಾಡಿದ, ನೆಗಡಿ ಆದವನ ಥರ."

ನೆಗಡಿ ಎಂದದ್ದೇ ತಡ, ಸಾಲಿನಲ್ಲಿದ್ದವರ ಕತ್ತುಗಳೆಲ್ಲ ಒಟ್ಟಿಗೆ ತಿರುಗಿದವು. ಓಡೆಲ್‌ನ ಪಕ್ಕದಲ್ಲಿ ನಿಲ್ಲುವ ವರ್ನನ್ ಟಬ್ಸ್‌ಗೆ ಮಾಂಸ ಕೆಡದ ಹಾಗೆ ಮಾಡಿಟ್ಟ ಆ ಥಂಡಿಯಲ್ಲಿ ನಿಂತೂ ನಿಂತೂ ವರ್ಷದುದ್ದಕ್ಕೂ ನೆಗಡಿ. ಸಾಲದ್ದಕ್ಕೆ ಅವನು ಫುಟ್ಬಾಲ್ ನೋಡುವವನಲ್ಲ. ಶನಿವಾರ ಊರೆಲ್ಲ ಟೀವಿಯ ಮುಂದಿದ್ದಾಗ ಅವನೊಬ್ಬ ಕೆರೆಯ ದಂಡೆಯಲ್ಲಿ ಮೀನಿಗೆ ಗಾಳ ಹಾಕಿ ಕೂತಿರುತ್ತಿದ್ದ. ಅಂಥವನು ಏನು ಮಾಡಲಿಕ್ಕೂ ಹೇಸುವವನಲ್ಲ ಎಂದು ಊರು ಮೊದಲಿನಿಂದಲೂ ನಂಬಿತ್ತು.

"ಬೆಳಿಗ್ಗೆ ಎಲ್ಲಿದ್ದೆ ವರ್ನನ್?" ಎಂದಳು ಅರ್ಲೀನ್.

"ಕಕ್ಕಸಲ್ಲಿ," ಎಂದ ವರ್ನನ್ ಮೂಗಿನಲ್ಲಿ.

"ನೋಡಿ! ಅದೇ ದನಿ!"

ಕೋಳಿಗಳನ್ನು ಹೊತ್ತ ಬೆಲ್ಟು ಹೊರಟಿತು. ಹೋದ ವಾರಕ್ಕಿಂತ ಜೋರಾಗಿಯೇ ಓಡುತ್ತಿತ್ತು. ಅದರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಅಲ್ಲಿ ಉಚ್ಚೆಗೆ ಹೋಗಲೂ ಕೈಯೆತ್ತಿ ಕಾಯಬೇಕು. ಒಬ್ಬೊಬ್ಬರು ಕಾಯಲಾರದೆ ಬೆಳಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಆ ಬಗ್ಗೆಯೂ ಯಾರಿಗೂ ಅಭಿಪ್ರಾಯವಿರಲಿಲ್ಲ. ಅಭಿಪ್ರಾಯಗಳೆಲ್ಲ ಟ್ರೇಸ್ ಹಾಲೊಮನ್‌ನ ಬಲತೋಳಿಗೆ ಮೀಸಲಾಗಿ ಖರ್ಚಾಗಿ ಹೋಗಿದ್ದವು.

ಊಟದ ಹೊತ್ತಿಗೆ ಮುಂಚೆ ಗ್ರೇಡಿ ಓಡೆಲ್‌ನನ್ನು ತನ್ನ ಕೋಣೆಗೆ ಕರೆಸಿದ. ಗೋಡೆಯ ತುಂಬ ಟಾಲಿವರ್ ತಂಡದ ಬಾವುಟಗಳು. ಅಪಘಾತ ತಡೆಯುವ ಸೂಚನೆಗಳ ಫಲಕವೊಂದಿತ್ತು. ಅದರ ಮೇಲೆ ತಂಡದ ಕ್ಯಾಲೆಂಡರ್ ತೂಗುಹಾಕಿತ್ತು.

"ಕೂತ್ಕೊಳ್ಳಪ್ಪ. ಮೇಸ್ತ್ರಿ ಕೆಲಸ ನಿಂದೇ ಅಂತ ಮನಸ್ಸಲ್ಲಿ ಇಟ್ಕೊಂಡಿದ್ದೀನಿ. ಆದ್ರೆ ಮೇಸ್ತ್ರಿ ಆದವನಿಗೆ ನಿಯತ್ತು ಇರ್ಬೇಕು. ವರ್ನನ್ ನಿನ್ನ ಪಕ್ಕದಲ್ಲೇ ನಿಲ್ತಾನೆ. ರೇಡಿಯೋದಲ್ಲಿ ಮಾತಾಡಿದ್ದು ಅವನೇನಾ?"

"ಇರ್ಬಹುದು ಸಾರ್."

"ಇರ್ಬಹುದು ಅನ್ನೋದು ಕೂಲಿಯವನ ಮಾತು. ಮೇಸ್ತ್ರಿ ಏನಂತಾನೆ?"

ಓಡೆಲ್‌ನ ಮಣಿಕಟ್ಟು ಒಮ್ಮೆ ಚುಳ್ ಎಂದಿತು. ಅದೇ ಅವನ ಪರವಾಗಿ ಉತ್ತರ ಕೊಟ್ಟಿತು ಅನ್ನಬೇಕು.

"ಹೌದು ಸಾರ್. ಅವನೇ."

"ಬೈಬಲ್ ಮುಟ್ಟಿ ಹೇಳ್ತೀಯಾ?"

ಬೈಬಲ್ ಹತ್ತಿರದಲ್ಲಿರಲಿಲ್ಲ. ತಂಡದ ನಾಯಕನ ಸಹಿ ಇದ್ದ ಚೆಂಡಿತ್ತು. ಗ್ರೇಡಿಗೆ ಅದೇ ಸಾಕಾಯಿತು. ಓಡೆಲ್ ಚೆಂಡು ಮುಟ್ಟಿ ಆಣೆಯಿಟ್ಟ.

ಮುಂದಿನದು ತಡವಾಗಲಿಲ್ಲ. ವರ್ನನ್‌ನನ್ನು ಜೀವಂತ ಕೋಳಿ ನೇತುಹಾಕುವ ಕತ್ತಲೆ ಕೋಣೆಗೆ ದಬ್ಬಿದರು. ಅಲ್ಲಿ ರೆಕ್ಕೆ ಬಡಿಯುವ ಕೋಳಿಗಳನ್ನು ತಲೆಕೆಳಗಾಗಿ ಕೊಂಡಿಗೆ ಸಿಕ್ಕಿಸುತ್ತಲೇ ಇರಬೇಕು. ಕೋಳಿಗಳು ಕಡೆಯ ಬಾರಿ ತಮ್ಮ ಅಸಮಾಧಾನವನ್ನು ಸಿಕ್ಕಿಸುವವನ ಮೈಮೇಲೆಯೇ ತೋಡಿಕೊಳ್ಳುತ್ತವೆ. ವರ್ನನ್ ಮೂಗು ಒರೆಸಿಕೊಂಡು ಹೋದ.

ಓಡೆಲ್‌ಗೆ ಊಟ ಸೇರಲಿಲ್ಲ. ಎದುರಿಗಿದ್ದ ಹುರಿದ ಕೋಳಿಯ ತೊಡೆ ತನ್ನನ್ನೇ ದುರುಗುಟ್ಟಿ ನೋಡಿದಂತಾಯಿತು. ಅಷ್ಟರಲ್ಲಿ ಹೆಂಡತಿ ವಾನೆಟ್ ಫೋನು ಮಾಡಿದಳು.

"ರೇಡಿಯೋದಲ್ಲಿ ಮೂಗು ಹಿಡ್ಕೊಂಡಿದ್ದು ನೀನು ತಾನೆ?"

"ಅಲ್ಲ."

"ಸರಿ ಬಿಡು. ಕಟ್ಕೊಂಡವಳಿಗೆ ಗೊರಕೆನೂ ಗೊತ್ತು, ಮೂಗೂ ಗೊತ್ತು. ಸಾಯಂಕಾಲ ಬರ್ತಾ ಹಾಲು ತಗೊಂಡ್ಬಾ."

ಅವಳು ಫೋನಿಡುವುದಕ್ಕೂ ಊಟದ ಕೋಣೆಯ ಟೀವಿಯಲ್ಲಿ ಟಾಲಿವರ್ ಕೋಚ್ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಸೋಮವಾರ ಅವನು ಪತ್ರಕರ್ತರ ಜೊತೆ ಮಾತಾಡುವ ದಿನ. ಕೋಚ್ ಗಂಟಲು ಸರಿಮಾಡಿಕೊಂಡು ಹೇಳಿದ: "ಟ್ರೇಸ್‌ನ ಭುಜಕ್ಕೆ ನೋವಾಗಿದೆ. ಪಾಪ, ಇಷ್ಟು ದಿನ ನುಂಗ್ಕೊಂಡು ಆಡಿದ್ದಾನೆ. ಎರಡು ವಾರ ವಿಶ್ರಾಂತಿ. ಡೇರಿಯಸ್ ಪೂಲ್ ಆಡ್ತಾನೆ. ನಾವು ಚಾಂಪಿಯನ್‌ಷಿಪ್ ಗೆಲ್ಲೋದಕ್ಕೆ ಇದೊಂದೇ ದಾರಿ."

ಊಟದ ಕೋಣೆಯಲ್ಲಿ ಮೊದಲು ಎದ್ದವಳು ಅರ್ಲೀನ್. ಅವಳ ಕಣ್ಣಲ್ಲಿ ನೀರು.

"ಅಯ್ಯೋ ಕಂದ! ನೋವಿಟ್ಕೊಂಡು ಆಡಿಸಿದ್ರಲ್ಲ, ಪಾಪಿಗಳು! ಕೂರಿಸ್ಬೇಕಾದ್ದೇ ಸರಿ. ನಾನು ಆಗಿಂದ ಅದೇ ಹೇಳ್ತಿದ್ದೆ!"

ಹೌದು, ಎಲ್ಲರೂ ಅದನ್ನೇ ಹೇಳುತ್ತಿದ್ದರಂತೆ. ಒಬ್ಬೊಬ್ಬರೂ ತಾನು ಎಂದಿನಿಂದ ಹೇಳುತ್ತಿದ್ದೇನೆಂಬುದನ್ನು ಒಬ್ಬರಿಗೊಬ್ಬರು ಜ್ಞಾಪಿಸಿದರು. ಅಷ್ಟರಲ್ಲಿ ಯಾರೋ ಕೂಗಿದರು: "ಮೊದಲು ಹೇಳಿದ್ದು ನಮ್ಮ ವರ್ನನ್ ಅಲ್ವೇನ್ರೋ!"

ವರ್ನನ್‌ನನ್ನು ಕತ್ತಲೆ ಕೋಣೆಯಿಂದ ಮೆರವಣಿಗೆಯಲ್ಲಿ ತಂದರು. ಮೈತುಂಬ ಪುಕ್ಕ ಅಂಟಿ ಅವನೇ ದೊಡ್ಡದೊಂದು ಹುಂಜದ ಹಾಗಿದ್ದ. ಗ್ರೇಡಿ ಬಾಗಿಲಿಗೇ ಬಂದು ಅವನ ಕೈ ಹಿಡಿದುಕೊಂಡ; ಆಮೇಲೆ ಗುಟ್ಟಾಗಿ ಕೈ ಒರೆಸಿಕೊಂಡ.

ಓಡೆಲ್ ಜನರನ್ನು ಸೀಳಿಕೊಂಡು ನುಗ್ಗಿದ. "ಗ್ರೇಡಿ ಸಾರ್! ಫೋನ್ ಮಾಡಿದ್ದು ನಾನು! ಬಡ್ ಅಂದ್ರೆ ನಾನೇ!"

"ಬೆಳಿಗ್ಗೆ ಚೆಂಡು ಮುಟ್ಟಿ ಇವನೇ ಅಂತ ಆಣೆ ಇಟ್ಟೆಯಲ್ಲಯ್ಯ?"

"ಸುಳ್ಳು ಹೇಳ್ದೆ ಸಾರ್. ಬೇಕಾದ್ರೆ ಕೇಳಿ," ಎಂದವನೇ ಎರಡು ಬೆರಳಲ್ಲಿ ಮೂಗು ಹಿಡಿದು, "ಆ ಹುಡುಗನ ಭುಜ ನೋಯ್ತಾ ಇದೆ ಸ್ವಾಮಿ…" ಎಂದ. ಅಚ್ಚುಕಟ್ಟಾಗಿ ಬೆಳಗಿನ ದನಿಯೇ ಬಂತು.

"ಥೂ! ನಾಚ್ಕೆ ಆಗಲ್ವೇನೋ?" ಅರ್ಲೀನ್ ಉರಿದುಬಿದ್ದಳು. "ಕಾಯಿಲೆ ಮನುಷ್ಯನ ನೆಗಡಿ ಅಣಕಿಸ್ತೀಯಾ? ಅವನ ಹೆಸರು ಕದಿಯೋಕೆ ಬಂದ್ಯಾ?"

ಗ್ರೇಡಿ ತಲೆಯಾಡಿಸಿದ. ದುಃಖದಿಂದಲೇ ಆಡಿಸಿದ. "ಚೆಂಡಿನ ಮೇಲೆ ಸುಳ್ಳು ಆಣೆ ಇಡೋನು ಈ ಊರಲ್ಲಿ ಹುಟ್ಟಿಲ್ಲ ಓಡೆಲ್. ನೀನು ಬೆಳಿಗ್ಗೆ ಹೇಳಿದ್ದೇ ನಿಜ. ವರ್ನನ್, ನಿನ್ನ ಕಣ್ಣಿಗೆ ಸೂಕ್ಷ್ಮ ಇದೆ. ಮೇಸ್ತ್ರಿಗೆ ಬೇಕಾಗಿದ್ದು ಅಂಥ ಕಣ್ಣೇ."

ಸಂಜೆ ಕೆಲಸ ಬಿಟ್ಟ ಮೇಲೆ, ಓಡೆಲ್‌ನ ಟ್ರಕ್ಕಿನ ಬಾಗಿಲಿಗೆ ಒರಗಿ ವರ್ನನ್ ಕಾದಿದ್ದ. ಪುಕ್ಕಗಳು ಹೋಗಿದ್ದವು. ಜೇಬಿನಲ್ಲಿ ಹೊಸ ಪೆನ್ನಿತ್ತು.

"ಓಡೆಲ್, ನಾನು ಯಾರಿಗೂ ಫೋನ್ ಮಾಡಿಲ್ಲ."

"ಗೊತ್ತು."

"ಆ ಚೆಂಡಿಗೆ ಎರಡು ತುದಿ ಯಾಕಿದೆ ಅಂತಾನೂ ನಂಗೊತ್ತಿಲ್ಲ. ಹಾಗಂತ ಕೆಲಸ ಬೇಡ ಅನ್ನಲ್ಲ. ಆ ಥಂಡಿ ನನ್ನ ಎದೆಗೂಡನ್ನೇ ತಿಂದ್ಹಾಕಿದೆ." ವರ್ನನ್ ಸೀನಿದ. "ನೋಡು, ರೇಡಿಯೋದವರು ಶನಿವಾರದ ಆಟದ ಬಗ್ಗೆ ನನ್ನನ್ನ ಕೇಳ್ತಾರಂತೆ. ಗೆಲ್ತೀವಾ?"

ಹೇಳಬಾರದು ಎಂದು ಓಡೆಲ್ ಹಲ್ಲು ಕಚ್ಚಿದ. ಅದು ಅವನ ಕೈಯಲ್ಲಿ ಆಗುವ ಕೆಲಸವಲ್ಲ. "ಡೇರಿಯಸ್ ಕಾಲು ಚುರುಕು. ಅವನಿಗೆ ಓಡೋಕೆ ಬಿಡ್ಬೇಕು. ಹಾಗ್ ಬಿಟ್ರೆ ಗೆಲ್ತೀವಿ ಅಂತ ಹೇಳು."

"ಕಾಲು ಚುರುಕು," ಎಂದು ವರ್ನನ್ ಬಾಯಿಪಾಠ ಮಾಡಿಕೊಂಡ. ಆಮೇಲೆ ನೆಲ ನೋಡಿದ. "ಇನ್ನೊಂದು ಮಾತು. ನಾಳೆಯಿಂದ ಕೋಳಿ ನೇತುಹಾಕೋ ಕೋಣೆಗೆ ನೀನು ಹೋಗ್ಬೇಕಂತೆ. ಅಣಕಿಸಿದ್ದಕ್ಕೆ."

"ವರ್ನನ್, ನನ್ನ ಮಣಿಕಟ್ಟು…"

"ಹೇಳ್ದೆ ಕಣೋ, ನಾನೇ ಗ್ರೇಡಿ ಸಾರ್‌ಗೆ ಹೇಳ್ದೆ. ಓಡೆಲ್ ಕೈ ಬಹಳ ದಿನದಿಂದ ನೋಯ್ತಿದೆ ಸಾರ್, ಒಂದೆರಡು ವಾರ ಕೂರಿಸೋಣ ಅಂದೆ."

"ಏನಂದ್ರು?"

"'ಯಾಕೆ, ಅವನೇನು ಕ್ವಾರ್ಟರ್‌ಬ್ಯಾಕಾ?' ಅಂದ್ರು."