ಈರುಳ್ಳಿ ಪಂಚಾಂಗ

ಈಸ್ಟರಿಗೆ ಮುಂಚಿನ ಏಳು ವಾರ ನಮ್ಮ ಮನೆಯೊಳಗೆ ಮಾಂಸ, ಮೊಟ್ಟೆ ಹಾಗಿರಲಿ, ಒಂದು ಹನಿ ಹಾಲೂ ನುಸುಳಕೂಡದು! ಹಬ್ಬದ ದಿನ ಅಷ್ಟರಾಕ್ ಊರಿನ ನಮ್ಮ ಬೀದಿಗೆಲ್ಲ ಮೊದಲ ಕೆಂಪು ಮೊಟ್ಟೆ ನನ್ನ ಕೈಯಿಂದಲೇ ಹೋಗಬೇಕು! ಆ ವರ್ಷ ಹೀಗೆಂದು ಶಪಥ ಮಾಡಿದೆ. ಹಿಂದಿನ ವರ್ಷ ಎದುರುಮನೆ ಪೇರುಜ್ ನನಗಿಂತ ಮೊದಲೇ ಮೊಟ್ಟೆ ಹಂಚಿ ಮೀಸೆ ತಿರುವಿದ್ದಳು. ಸುಮ್ಮನೆ ಹೇಳಿದ್ದಲ್ಲ, ಅವಳಿಗೆ ಮೀಸೆಯಿತ್ತು!

ಉಪವಾಸದ ಮೊದಲ ದಿನ ದಪ್ಪನೆಯ ಈರುಳ್ಳಿಗೆ ಕೋಳಿಗರಿ ಚುಚ್ಚಿ ಅಡುಗೆಮನೆಯ ತೊಲೆಗೆ ನೇತುಹಾಕಿದೆ. ವಾರಕ್ಕೊಂದು ಗರಿ. ಶನಿವಾರ ಬಂದರೆ ಒಂದು ಕೀಳುವುದು, ಕೊನೆಯದು ಕಿತ್ತ ಮಾರನೆಯ ದಿನವೇ ಈಸ್ಟರ್. ಓದುಬರಹ ಅಷ್ಟಕ್ಕಷ್ಟೇ ಆದ ನನಗೆ ಅದೇ ಪಂಚಾಂಗ. ನನ್ನ ಯಜಮಾನರು ಸೆದ್ರಾಕ್ ಆಗಿನ್ನೂ ಇದ್ದರು. ದಿನವೂ ಬೇಯಿಸಿದ ಕಾಳು ತಿನ್ನುತ್ತಾ ಆ ಈರುಳ್ಳಿಯನ್ನೇ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಮಂಡಿನೋವಿನಿಂದ ನಾನು ಆ ತಿಂಗಳು ಚರ್ಚಿನ ಕಡೆ ಹೋಗಿರಲಿಲ್ಲ. ಕೊನೆಯ ಗರಿ ಕಿತ್ತ ಶನಿವಾರ ಈರುಳ್ಳಿ ಸಿಪ್ಪೆ ಹಾಕಿ ಅರವತ್ತು ಮೊಟ್ಟೆ ಕೆಂಪಗೆ ಬೇಯಿಸಿದೆ. ಮಾರ್ಸೇಲ್ಸ್‌ನಲ್ಲಿರುವ ಮಗಳು ನಾಜಿಕ್‌ಗೂ ಫೋನು ಮಾಡಿದೆ.

"ಮೊಟ್ಟೆ ಬೇಯಿಸಿದ್ಯೇನೇ?"

"ಇನ್ನೂ ಒಂದು ವಾರ ಇದೆಯಲ್ಲಮ್ಮಾ! ಇಲ್ಲಿ ಕ್ಯಾಲೆಂಡರಲ್ಲಿ..."

"ಗೋಡೆ ಮೇಲಿನ ಕಾಗದ ನಂಬ್ತೀಯೋ, ಹೆತ್ತ ತಾಯಿಯ ಈರುಳ್ಳಿ ನಂಬ್ತೀಯೋ?"

ಪಾಪ, ಮಾತು ಕೇಳುವ ಹುಡುಗಿ. ಬೇಯಿಸಿದಳು!

ಭಾನುವಾರ ಬೆಳಗ್ಗೆ ಬುಟ್ಟಿ ಹೊತ್ತು ಚರ್ಚಿನ ಬಾಗಿಲಲ್ಲಿ ನಿಂತೆ. ಪೇರುಜ್ ಚಿಗುರು ಕೊಂಬೆ ಹಿಡಿದು ಬಂದಳು. ಅವಳ ಮೂಗಿನ ಮುಂದೆಯೇ ಮೊಟ್ಟೆ ಎತ್ತಿ ಹಿಡಿದು ಕೂಗಿದೆ: "ಕ್ರಿಸ್ತ ಎದ್ದು ಬಂದ ಕಣೇ!"

"ಅಯ್ಯೋ ಸಾತೆನಿಕ್, ಎಲ್ಲಿಂದ ಏಳ್ತಾನೆ? ಇನ್ನೂ ಸತ್ತೇ ಇಲ್ವಲ್ಲೇ! ಇವತ್ತು ಅವನು ಕತ್ತೆ ಮೇಲೆ ಊರಿಗೆ ಬರೋ ಭಾನುವಾರ!" ಎಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕತ್ತೆ ಅಂತೂ ಬಂದಾಯ್ತು ಬಿಡು."

ಪಾದ್ರಿಗಳೂ ಗಡ್ಡದೊಳಗೇ ನಕ್ಕರು! ಅಷ್ಟರಲ್ಲಿ ಮಗಳ ಫೋನು: "ಅಮ್ಮಾ, ಇಲ್ಲಿನ ಚರ್ಚಲ್ಲಿ ಎಲ್ರೂ ನಿನ್ನ ಈರುಳ್ಳಿಗೆ ನಮಸ್ಕಾರ ಹೇಳಿದಾರೆ!"

ಧುಮುಗುಡುತ್ತಾ ಮನೆಗೆ ಬಂದರೆ ಯಜಮಾನರು, ನಾನು ಮನೆಯಲ್ಲಿ ಬಿಟ್ಟುಹೋಗಿದ್ದ ಮೊಟ್ಟೆಗಳಲ್ಲಿ ನಾಲ್ಕನೆಯದನ್ನು ಸುಲಿಯುತ್ತಿದ್ದಾರೆ!

"ರೀ, ಹೆಚ್ಚಿಗೆ ಒಂದು ಗರಿ ಕಿತ್ತೋರು ಯಾರು?"

"ನಾನೇ."

"ಮೊಟ್ಟೆ ಆಸೆಗೆ ದೇವರ ಲೆಕ್ಕಾನೇ ತಪ್ಪಿಸಿದ್ರಾ?"

"ತಪ್ಪಿಸೋದಾ? ಮದುವೆಯಾದಾಗಿಂದ ನೀನು ಪ್ರತಿ ವರ್ಷ ಎಂಟು ಗರಿ ಚುಚ್ತೀಯ ಕಣೇ! ಬೀದಿಯಲ್ಲಿ ನಿನ್ನ ಮಾನ ಹೋಗಬಾರದು ಅಂತ ನಲವತ್ತು ವರ್ಷದಿಂದ ಸದ್ದಿಲ್ದೆ ಒಂದು ಕಿತ್ತು ಬಿಸಾಕ್ತಾ ಬಂದಿದೀನಿ. ಈ ವರ್ಷ ನೀನು ಸರಿಯಾಗಿ ಎಣಿಸಿಬಿಡ್ತೀಯ ಅಂತ ಯಾರು ಕಂಡಿದ್ರು?"

ನಾನು ಉಪ್ಪಿನ ಬಟ್ಟಲನ್ನು ಅವರತ್ತ ಸರಿಸಿದೆ.