ಹಸು ಕಲಿತ ದಾರಿ

ಬೆಟ್ಟದಾಚೆಯವರು ಇವತ್ತು ದನ ಹೊಡೆದುಕೊಂಡು ಹೋಗಲು ಬರುತ್ತಾರಂತೆ ಎಂಬ ಸುದ್ದಿ ಕೇಳಿ ಲೋರ್ಕನ್ ಓಟ್ ಗಂಜಿಯ ಬಟ್ಟಲು ಅಲ್ಲೇ ಬಿಟ್ಟು ಎದ್ದ. ಅವನಿಗಿದ್ದದ್ದು ಒಂದೇ ಒಂದು ಕಂದು ಹಸು. ಅದು ಹೋದರೆ ಪಕ್ಕದ ಮನೆ ಫಿಂಗಿನ್‌ನ ದನ ಕಾಯುವುದೇ ಗತಿ. ಫಿಂಗಿನ್ ಆ ದಿನಕ್ಕಾಗಿ ಎಷ್ಟೋ ಕಾಲದಿಂದ ಕಾದಿದ್ದ.

ಸರೋವರದ ನಡುವೆ ಮುತ್ತಜ್ಜಂದಿರು ದಿಮ್ಮಿ, ಕಲ್ಲು, ಕೆಸರು ಸುರಿದು ಕಟ್ಟಿದ ದ್ವೀಪದಲ್ಲಿ ಇವರ ಮನೆಗಳು. ದಡಕ್ಕೆ ಹೋಗುವ ಕಲ್ಲುಗಳು ನೀರೊಳಗೆ ಮುಳುಗಿದ್ದವು, ಸಾಲು ಕುಡುಕನ ನಡಿಗೆಯಷ್ಟು ಡೊಂಕು. ಗೊತ್ತಿದ್ದವರು ನಡೆದು ಬರುತ್ತಿದ್ದರು, ಗೊತ್ತಿಲ್ಲದವರು ಮುಳುಗುತ್ತಿದ್ದರು. ಇದ್ದ ಒಂದೇ ದೋಣಿಯನ್ನು ಲೋರ್ಕನ್ ಕಡಿದು ಹಸುವಿಗೆ ಬಾನಿ ಮಾಡಿದ್ದ.

"ಈ ಕಲ್ಲಿನ ದಾರಿ ಅವರಿಗೆ ಗೊತ್ತು ಕಣೋ," ಎಂದ ಫಿಂಗಿನ್, ಬೇಲಿಗೆ ಒರಗಿ. "ನಿನ್ನ ಹೆಂಡತೀನೇ ಆ ಕಡೆಯವಳಲ್ವಾ?"

"ನಾನೇನೂ ಹೇಳಿಕೊಟ್ಟಿಲ್ಲ," ಎಂದು ಲೋರ್ಕನ್‌ನ ಹೆಂಡತಿ ಮುರೆನ್ ಸಿಡುಕಿದಳು. "ಮದುವೆ ದಿನ ಇಡೀ ದಿಬ್ಬಣಾನೇ ನಡ್ಕೊಂಡು ಬಂದಿತ್ತು. ಮರೆತ್ರಾ?"

ಸರಿ, ದಾರಿಯನ್ನೇ ಬದಲಿಸೋಣವೆಂದು ಲೋರ್ಕನ್ ತಣ್ಣೀರಿಗಿಳಿದು ಕಲ್ಲು ಸರಿಸತೊಡಗಿದ. ಫಿಂಗಿನ್ "ಎಡಕ್ಕೆ!" ಎಂದು ಕೂಗಿದರೆ ಅವನ ತಂಗಿ ಸೇರಾ "ಬಲಕ್ಕೆ!" ಎನ್ನುತ್ತಿದ್ದಳು. ಇಬ್ಬರ ಕಾಲೂ ಒದ್ದೆಯಾಗಿರಲಿಲ್ಲ.

"ಕಲ್ಲಿನ ಮೇಲೆ ಹಸು ನಿಲ್ಲಿಸಿ ನೋಡೋ ಪೆದ್ದ! ಅದರ ಭಾರ ತಡೆದ್ರೆ ನಿನ್ನದೂ ತಡೆಯುತ್ತೆ," ಎಂದಳು ಸೇರಾ.

ಒಂದೊಂದು ಕಲ್ಲಿಟ್ಟಾಗಲೂ ಅವನು ಹಸುವನ್ನು ಮೊದಲ ಕಲ್ಲಿನಿಂದ ನಡೆಸಿಕೊಂಡು ಬಂದ. ಸಂಜೆಯ ಹೊತ್ತಿಗೆ ದಾರಿ ಎಷ್ಟು ಸೊಟ್ಟಗಾಗಿತ್ತೆಂದರೆ ಅವನಿಗೇ ತಲೆ ತಿರುಗುತ್ತಿತ್ತು. ಹಸುವನ್ನು ದ್ವೀಪಕ್ಕೆ ತಂದು ಬಾಗಿಲು ಹಾಕಿದ. ದಡದ ಕೊಟ್ಟಿಗೆಯಲ್ಲಿ ಮಲಗಿದ್ದ ಅದರ ಕರುವನ್ನು ಆಮೇಲೆ ತಂದರಾಯಿತು ಎಂದುಕೊಂಡ.

ಅಷ್ಟರಲ್ಲಿ ಕೊಂಬು ಊದುವ ಸದ್ದು ಕೇಳಿತು. ಬಂದ ಗುಂಪಿನ ಮುಂದೆ ಮುರೆನ್‌ಳ ತಮ್ಮ ರೋನನ್! ಅವನ ಜೊತೆಯವನೊಬ್ಬ ಠೀವಿಯಿಂದ ಹಳೇ ದಾರಿಗೆ ಕಾಲಿಟ್ಟು ಕುತ್ತಿಗೆತನಕ ಮುಳುಗಿದ. ದ್ವೀಪದಲ್ಲಿ ಕೇಕೆಯೋ ಕೇಕೆ. ಲೋರ್ಕನ್‌ಗೆ ಹುಟ್ಟಿದಾಗಿನಿಂದ ಯಾರೂ ಅಷ್ಟು ಬೆನ್ನು ತಟ್ಟಿರಲಿಲ್ಲ.

ಆಗ ಹಾಲು ಕರೆಯುವ ಹೊತ್ತಾಗಿತ್ತು. ದಡದಲ್ಲಿ ಕರು "ಅಂಬಾ" ಎಂದಿತು.

ಕಡ್ಡಿಯಿಂದ ಹೆಣೆದ ಬಾಗಿಲನ್ನು ಹಸು ಎದೆಯಿಂದಲೇ ಮುರಿದು ನೀರಿಗಿಳಿಯಿತು. ಲೋರ್ಕನ್ ಕಣ್ಣು ಮುಚ್ಚಿಕೊಂಡ. ಎಡಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ. ಒಂದು ಕಲ್ಲೂ ತಪ್ಪದೆ ಹಸು ದಡ ಸೇರಿ ಕರುವಿನ ಪಕ್ಕ ನಿಂತಿತು. ರೋನನ್ ನಿಧಾನವಾಗಿ ಹಗ್ಗ ಹಾಕಿದ.

"ಮನೆತನಕ ಬರಬೇಕು ಅಂದ್ಕೊಂಡಿದ್ದೆ, ಭಾವ. ನೀನೇ ಕಳಿಸಿಕೊಟ್ಟೆ, ದೊಡ್ಡ ಮನಸ್ಸು!"

ಲೋರ್ಕನ್ ಬೊಬ್ಬೆ ಹಾಕುತ್ತ ಹಾರಿದ. ಎರಡನೇ ಹೆಜ್ಜೆಗೇ ಮುಳುಗಿದ. ಮುರೆನ್ ಜುಟ್ಟು ಹಿಡಿದು ಎಳೆದಳು.

"ಹೋಗಲಿ ಬಿಡು," ಎಂದ ಫಿಂಗಿನ್, ನಗು ತಡೆಯಲಾರದೆ. "ನನ್ನ ದನ ದಡದಾಚೆ ಮೇಲಿನ ಹುಲ್ಲುಗಾವಲಲ್ಲಿವೆ. ನಾಳೆಯಿಂದ ಕಾಯೋಕೆ ಹೋಗು."

"ಹೋಗ್ತೀನಿ," ಎಂದ ಲೋರ್ಕನ್ ನಡುಗುತ್ತ. "ದಡಕ್ಕೆ ದಾರಿ ಹೇಳು."

ಫಿಂಗಿನ್ "ಎಡಕ್ಕೆ" ಎಂದ. ಸೇರಾ "ಬಲಕ್ಕೆ" ಎಂದಳು. ಆಮೇಲೆ ಇಬ್ಬರ ಮುಖದ ನಗುವೂ ಮೆಲ್ಲಗೆ ಇಳಿಯಿತು. ಹೊಸ ದಾರಿ ಪೂರ್ತಿ ಬಲ್ಲವಳು ಒಬ್ಬಳೇ ಇದ್ದಳು. ಅವಳು ಕರುವನ್ನು ನೆಕ್ಕುತ್ತ ಬೆಟ್ಟ ಹತ್ತುತ್ತಿದ್ದಳು.